ರಕ್ತನಾಳಗಳೂ ನಮ್ಮ ಊಟದ ಎಲೆಯೂ

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬುದು ನಮ್ಮ ಹಿರಿಯರ ಗಾದೆ. ಗಾದೆ ದಿಟವೆಂದು ಒಪ್ಪಿದರೂ, ಊಟವನ್ನು ‘ಬಲ್ಲವನು’ ಯಾರು ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಈಚೆಗೆ ಔಷಧದ ಅಂಗಡಿಗಳಲ್ಲಿ ‘ಆಂಟಿಆಕ್ಸಿಡೆಂಟ್’ ಎಂಬ ಹೆಸರು ಹೊತ್ತ ಮಾತ್ರೆಗಳು ಧಾರಾಳವಾಗಿ ಮಾರಾಟವಾಗುತ್ತಿವೆ. ಕನ್ನಡದಲ್ಲಿ ಇವನ್ನು ಉತ್ಕರ್ಷಣ ನಿರೋಧಕಗಳೆನ್ನಬಹುದು. ಇವು ಹೃದಯವನ್ನೂ ರಕ್ತನಾಳಗಳನ್ನೂ ಕಾಪಾಡುತ್ತವೆಂದು ನಂಬಿ ಕೊಳ್ಳುವವರು ಅನೇಕರು. ಈ ನಂಬಿಕೆ ಎಲ್ಲಿಂದ ಹುಟ್ಟಿತು, ಅದನ್ನು ಹೇಗೆ ಒರೆಗೆ ಹಚ್ಚಲಾಯಿತು, ಕೊನೆಗೆ ಉಳಿದುದೇನು ಎಂಬುದನ್ನು ಸಂಗ್ರಹವಾಗಿ ವಿವೇಚಿಸುವುದೇ ಈ ಲೇಖನದ ಉದ್ದೇಶ.

ಮೊದಲು ರಕ್ತನಾಳದ ರಚನೆಯನ್ನು ನೋಡೋಣ. ಧಮನಿಯೆಂದರೆ ನೀರಿನ ಕೊಳಾಯಿಯಂತೆ ಜಡವಾದ ನಳಿಗೆಯೆಂದು ಭಾವಿಸುವುದು ಸಹಜ. ವಸ್ತುತಃ ಅದೊಂದು ಜೀವಂತ ಅಂಗ. ಅದರ ಒಳಮೈಯನ್ನು ಒಂದೇ ಪದರದ ಜೀವಕೋಶಗಳ ತೆಳುವಾದ ಪೊರೆ ಮುಚ್ಚಿದೆ. ೧೯೮೦ರಲ್ಲಿ ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ ಎಂಬ ವಿಜ್ಞಾನಿ ಮೊಲದ ಮಹಾಧಮನಿಯ ತುಂಡುಗಳ ಮೇಲೆ ಪ್ರಯೋಗ ನಡೆಸಿದರು. ಅಸಿಟೈಲ್ ಕೋಲಿನ್ ಎಂಬ ದ್ರವ್ಯವನ್ನು ತಾಗಿಸಿದಾಗ, ಒಳಪೊರೆ ಕೆಡದೆ ಉಳಿದಿದ್ದ ತುಂಡುಗಳು ಮಾತ್ರ ಸಡಿಲಗೊಂಡವು. ಪೊರೆ ಉಜ್ಜಿಹೋಗಿದ್ದವು ಸಡಿಲಗೊಳ್ಳಲಿಲ್ಲ. ಪೊರೆಯೇ ಏನನ್ನೋ ಸ್ರವಿಸುತ್ತಿರಬೇಕೆಂದು ಅವರು ಊಹಿಸಿದರು. ಆ ವಸ್ತು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೆಂದು ಮುಂದೆ ಸಿದ್ಧವಾಯಿತು. ಈ ಸಂಶೋಧನೆಗಾಗಿ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಈ ಮೂವರಿಗೆ ೧೯೯೮ರಲ್ಲಿ ನೊಬೆಲ್ ಪಾರಿತೋಷಕ ಲಭಿಸಿತು. ನೈಟ್ರಿಕ್ ಆಕ್ಸೈಡ್ ಧಮನಿಯನ್ನು ಹಿಗ್ಗಿಸುತ್ತದೆ. ರಕ್ತದ ಕಿರುತಟ್ಟೆಗಳು ಒಂದಕ್ಕೊಂದು ಅಂಟಿ ಗಡ್ಡೆಯಾಗದಂತೆ ತಡೆಯುತ್ತದೆ.

ಇನ್ನು ಉತ್ಕರ್ಷಣದ ಮಾತು. ನಾವು ಉಸಿರಾಡುವ ಆಮ್ಲಜನಕದ ಅಲ್ಪಭಾಗವು ದೇಹದೊಳಗೆ ‘ಸೂಪರ್‌ಆಕ್ಸೈಡ್’ ಮುಂತಾದ ಉಗ್ರ ಕಣಗಳಾಗಿ ಮಾರ್ಪಡುತ್ತದೆ. ಇವಕ್ಕೆ ಮುಕ್ತ ರ‍್ಯಾಡಿಕಲ್‌ಗಳೆಂದು ಹೆಸರು. ಇವುಗಳಲ್ಲಿ ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವುದರಿಂದ ಇವು ನೆರೆಯ ಅಣುಗಳ ಮೇಲೆ ಬೀಳುತ್ತವೆ. ಸೂಪರ್‌ಆಕ್ಸೈಡ್ ನೈಟ್ರಿಕ್ ಆಕ್ಸೈಡಿನೊಡನೆ ಕೂಡಿ ಅದನ್ನು ನಿರುಪಯುಕ್ತಗೊಳಿಸುತ್ತದೆ. ಆಗ ಧಮನಿ ಬಿಗಿಯಾಗುತ್ತದೆ. ಧಮನಿಯ ಗೋಡೆಯೊಳಗೆ ಸಿಕ್ಕಿಕೊಂಡ ಕೊಲೆಸ್ಟರಾಲ್ ಕಣಗಳು ಉತ್ಕರ್ಷಣ ಹೊಂದಿದಾಗ ಅಲ್ಲಿನ ಭಕ್ಷಕ ಕೋಶಗಳು ಅವನ್ನು ನುಂಗಿ, ನೊರೆಯಂತೆ ಉಬ್ಬಿ, ಅಲ್ಲಿಯೇ ಗುಪ್ಪೆಗೂಡುತ್ತವೆ. ಧಮನಿಯ ಪೆಡಸುತನಕ್ಕೆ ಇದೇ ಮೊದಲ ಮೆಟ್ಟಿಲು. ಉಗ್ರ ಕಣಗಳಿಗೆ ತಮ್ಮ ಎಲೆಕ್ಟ್ರಾನನ್ನು ದಾನಮಾಡಿ ಅವನ್ನು ಶಾಂತಗೊಳಿಸುವ ವಸ್ತುಗಳೇ ಉತ್ಕರ್ಷಣ ನಿರೋಧಕಗಳು. ಇಂಥ ರಕ್ಷಣೆಗೆ ದೇಹವೇ ಕೆಲವು ಕಿಣ್ವಗಳನ್ನು ತಯಾರಿಸಿಕೊಳ್ಳುತ್ತದೆ. ‘ಸಿ’ ಮತ್ತು ‘ಇ’ ಜೀವಸತ್ವಗಳು, ಕ್ಯಾರೊಟೀನ್, ಪಾಲಿಫೀನಾಲ್‌ಗಳು ಆಹಾರದಿಂದ ಒದಗುತ್ತವೆ.

ಆಹಾರಕ್ಕೂ ರಕ್ತನಾಳಕ್ಕೂ ಸಂಬಂಧವಿದೆಯೆಂಬುದು ಹೊಸ ಮಾತಲ್ಲ. ೧೭೪೭ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯನು ಸ್ಕರ್ವಿ ರೋಗದಿಂದ ನರಳುತ್ತಿದ್ದ ೧೨ ಮಂದಿ ನಾವಿಕರನ್ನು ಆರು ಜೋಡಿಗಳಾಗಿ ವಿಂಗಡಿಸಿ, ಒಂದೊಂದು ಜೋಡಿಗೆ ಒಂದೊಂದು ಬಗೆಯ ಚಿಕಿತ್ಸೆ ಕೊಟ್ಟನು. ಕಿತ್ತಳೆ, ನಿಂಬೆ ತಿಂದ ಜೋಡಿ ಎಲ್ಲರಿಗಿಂತ ಬೇಗ ಚೇತರಿಸಿಕೊಂಡಿತು. ‘ಸಿ’ ಜೀವಸತ್ವವಿಲ್ಲದಿದ್ದರೆ ನಾಳದ ಗೋಡೆಗೆ ಬಲವೀಯುವ ಕೊಲಾಜನ್ ಸರಿಯಾಗಿ ಹೆಣೆದುಕೊಳ್ಳುವುದಿಲ್ಲ; ಆದುದರಿಂದಲೇ ಸ್ಕರ್ವಿಯಲ್ಲಿ ವಸಡಿನಿಂದಲೂ ಚರ್ಮದಡಿಯಲ್ಲಿಯೂ ರಕ್ತ ಜಿನುಗುತ್ತದೆ. ಆದರೆ ಕೊರತೆಯನ್ನು ತುಂಬುವುದು ಬೇರೆ, ತುಂಬಿದ ಮೇಲೆ ಸುರಿಯುವುದು ಬೇರೆ. ಈ ಭೇದವನ್ನು ಮರೆತಲ್ಲಿಯೇ ಮುಂದಿನ ಎಡವಟ್ಟೆಲ್ಲ ನಡೆಯಿತು.

ಹಣ್ಣು, ತರಕಾರಿ ಹೆಚ್ಚಾಗಿ ತಿನ್ನುವವರಲ್ಲಿ ಹೃದ್ರೋಗ ಕಡಿಮೆಯೆಂದು ಅನೇಕ ಸಮೀಕ್ಷೆಗಳು ತೋರಿಸಿದ್ದವು. ಹಾಗಿದ್ದಮೇಲೆ ಅವುಗಳ ಸಾರವನ್ನೇ ಮಾತ್ರೆಯಾಗಿ ಕೊಟ್ಟರೆ ಇನ್ನೂ ಲೇಸಲ್ಲವೇ? ಲಿಂಡನ ಮಾರ್ಗದಲ್ಲಿಯೇ, ಆದರೆ ಸಹಸ್ರಾರು ಜನರ ಮೇಲೆ, ಕೆಲವರಿಗೆ ನಿಜವಾದ ಮಾತ್ರೆ, ಕೆಲವರಿಗೆ ಹುಸಿಮಾತ್ರೆ ಕೊಟ್ಟು ಪರೀಕ್ಷಿಸಲಾಯಿತು. ಫಿನ್ಲೆಂಡಿನಲ್ಲಿ ೨೯,೧೩೩ ಮಂದಿ ಧೂಮಪಾನಿ ಗಂಡಸರ ಮೇಲೆ ನಡೆದ ಪರೀಕ್ಷೆಯ ಫಲ ೧೯೯೪ರಲ್ಲಿ ಪ್ರಕಟವಾದಾಗ ವಿದ್ವತ್‌ಪ್ರಪಂಚ ಬೆರಗಾಯಿತು. ಬೀಟಾ ಕ್ಯಾರೊಟೀನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ನೂರಕ್ಕೆ ೧೮ರಷ್ಟು ಹೆಚ್ಚಿತ್ತು. ಒಟ್ಟು ಮರಣವೂ ನೂರಕ್ಕೆ ೮ರಷ್ಟು ಹೆಚ್ಚಿತ್ತು. ಈ ಹೆಚ್ಚಳಕ್ಕೆ ಆ ಕ್ಯಾನ್ಸರಿನೊಡನೆ ಹೃದ್ರೋಗವೂ ಕಾರಣವಾಗಿತ್ತು. ೨೦೦೦ದಲ್ಲಿ ‘ಹೋಪ್’ ಎಂಬ ಪರೀಕ್ಷೆಯ ಫಲ ಪ್ರಕಟವಾಯಿತು. ೯,೫೪೧ ಮಂದಿಯ ಮೇಲೆ ಸುಮಾರು ನಾಲ್ಕೂವರೆ ವರ್ಷ ನಡೆದ ಅದರಲ್ಲಿ ‘ಇ’ ಜೀವಸತ್ವದಿಂದ ಹೃದಯಾಘಾತ ಕಡಿಮೆಯಾಗಲಿಲ್ಲ. ಇದರ ಮುಂದಾಳು ಸಲೀಂ ಯೂಸುಫ್ ಅವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ವ್ಯಾಸಂಗ ಮಾಡಿದವರೆಂಬುದು ನಮಗೆ ಸಂತೋಷದ ಸಂಗತಿ. ೨೦೦೨ರಲ್ಲಿ ಬ್ರಿಟನ್ನಿನಿಂದ ಬಂದ ವರದಿಯೂ ಅದೇ ರಾಗ ಹಾಡಿತು. ೨೦,೫೩೬ ಮಂದಿಯನ್ನು ಆರಿಸಿ, ಅವರಲ್ಲಿ ಅರ್ಧದಷ್ಟು ಜನರಿಗೆ ಐದು ವರ್ಷ ‘ಸಿ’, ‘ಇ’, ಕ್ಯಾರೊಟೀನ್ ಮೂರನ್ನೂ ಕೊಡಲಾಗಿತ್ತು. ಅವರ ರಕ್ತದಲ್ಲಿ ಜೀವಸತ್ವಗಳ ಪ್ರಮಾಣವೇನೋ ಏರಿತು. ಹೃದಯಕ್ಕಾಗಲಿ ರಕ್ತನಾಳಗಳಿಗಾಗಲಿ ಏನೂ ಪ್ರಯೋಜನವಾಗಲಿಲ್ಲ.

ಹೀಗೇಕಾಯಿತು? ಮೊದಲನೆಯದಾಗಿ, ಸೊಪ್ಪು, ಹಣ್ಣು ಹೆಚ್ಚು ತಿನ್ನುವವರು ಬೇರೆ ವಿಷಯಗಳಲ್ಲಿಯೂ ಬೇರೆಯಾಗಿರಬಹುದು. ಸಿಗರೇಟು ಸೇದದಿರಬಹುದು, ಹೆಚ್ಚು ನಡೆಯಬಹುದು. ಎರಡನೆಯದಾಗಿ, ಉಗ್ರ ಕಣಗಳೆಲ್ಲ ಶತ್ರುಗಳಲ್ಲ. ಬಿಳಿಯ ರಕ್ತಕಣಗಳು ರೋಗಾಣುಗಳನ್ನು ಕೊಲ್ಲುವುದು ಇವುಗಳಿಂದಲೇ. ಮೂರನೆಯದಾಗಿ, ಸೊಪ್ಪಿನಲ್ಲಿರುವುದು ಉತ್ಕರ್ಷಣ ನಿರೋಧಕಗಳಷ್ಟೇ ಅಲ್ಲ. ನಾರು, ಪೊಟಾಸಿಯಂ, ನೈಟ್ರೇಟ್ ಕೂಡ ಇವೆ. ದಂಟು, ಪಾಲಕ್, ಬೀಟ್‌ರೂಟುಗಳಲ್ಲಿನ ನೈಟ್ರೇಟು ಜೊಲ್ಲಿನೊಡನೆ ಬಾಯಿಗೆ ಮರಳಿ ಬಂದಾಗ ನಾಲಗೆಯ ಮೇಲಿನ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟಾಗಿ ಮಾರ್ಪಡಿಸುತ್ತವೆ. ಅದರಿಂದ ದೇಹದಲ್ಲಿ ನೈಟ್ರಿಕ್ ಆಕ್ಸೈಡ್ ಹುಟ್ಟುತ್ತದೆ. ಲಂಡನ್ನಿನ ಸಂಶೋಧಕರು ೨೦೦೮ರಲ್ಲಿ ಆರೋಗ್ಯವಂತರಿಗೆ ೫೦೦ ಮಿಲಿಲೀಟರ್ ಬೀಟ್‌ರೂಟ್ ರಸ ಕುಡಿಸಿದಾಗ ಅವರ ರಕ್ತದೊತ್ತಡ ಇಳಿಯಿತು. ರಸ ಕುಡಿದ ಬಳಿಕ ಜೊಲ್ಲನ್ನು ನುಂಗದೆ ಉಗಿದಾಗ ಆ ಇಳಿತ ಕಾಣಿಸಲಿಲ್ಲ! ಸೊಪ್ಪಿನ ಗುಣವನ್ನೆಲ್ಲ ಒಂದೇ ವಸ್ತುವಿನ ಮೇಲೆ ಹೊರಿಸುವುದು ಎಷ್ಟು ಅವಸರದ ತೀರ್ಮಾನವೆಂಬುದಕ್ಕೆ ಇದೊಂದೇ ನಿದರ್ಶನ ಸಾಕು.

ಹಾಗಾದರೆ ನಾವು ಮಾಡಬೇಕಾದುದೇನು? ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಕನಿಷ್ಠ ೪೦೦ ಗ್ರಾಂ ಹಣ್ಣು, ತರಕಾರಿಗಳನ್ನು ಸೇವಿಸಬೇಕೆನ್ನುತ್ತದೆ. ಇದಕ್ಕೆ ದೂರದೇಶದ ಹಣ್ಣುಗಳನ್ನು ಅರಸಬೇಕಾಗಿಲ್ಲ. ನೆಲ್ಲಿಕಾಯಿ, ಸೀಬೆಹಣ್ಣು, ನುಗ್ಗೆಸೊಪ್ಪುಗಳು ‘ಸಿ’ ಜೀವಸತ್ವದ ಆಗರಗಳು. ರಾಗಿಯ ಪಾಲಿಫೀನಾಲ್‌ಗಳು ಕಾಳಿನ ಹೊರಸಿಪ್ಪೆಯಲ್ಲಿರುತ್ತವೆ. ಇಡಿಯಾಗಿ ಬೀಸಿದ ಹಿಟ್ಟಿನ ಮುದ್ದೆಯಲ್ಲಿ ಅವು ಉಳಿಯುತ್ತವೆ. ಸೊಪ್ಪು ಬೇಯಿಸಿದ ನೀರಿಗೆ ಅದರ ಸತ್ವದ ಒಂದು ಭಾಗ ಇಳಿಯುತ್ತದೆ. ಆ ನೀರನ್ನು ಚೆಲ್ಲದೆ ಬಸ್ಸಾರು ಮಾಡುವ ನಮ್ಮ ತಾಯಂದಿರ ಪದ್ಧತಿ ಶ್ಲಾಘ್ಯವಾದುದು. ಪಲ್ಯಕ್ಕೆ ಹಾಕುವ ಒಗ್ಗರಣೆಯ ಎಣ್ಣೆಯಿಂದ ಕ್ಯಾರೊಟೀನ್ ದೇಹಕ್ಕೆ ಚೆನ್ನಾಗಿ ಹತ್ತುತ್ತದೆ. ಆದರೆ ಬೀಡಿ, ಸಿಗರೇಟು ಬಿಡದೆ ಸೊಪ್ಪು ತಿಂದು ಧಮನಿಯನ್ನು ಉಳಿಸಿಕೊಳ್ಳುವೆನೆಂಬುದು ತೂತುಬಿದ್ದ ಕೊಡಕ್ಕೆ ನೀರು ತುಂಬಿದಂತೆ. ಪ್ರತಿ ದಮ್ಮಿನೊಡನೆಯೂ ಉಗ್ರ ಕಣಗಳು ಒಳಹೋಗುತ್ತಲೇ ಇರುತ್ತವೆ.

ವಿದ್ಯಾರ್ಥಿಗಳಾದ ನಮಗೆ ಇದರಲ್ಲಿ ಇನ್ನೊಂದು ಪಾಠವೂ ಇದೆ. ಪರೀಕ್ಷಾನಳಿಕೆಯಲ್ಲಿ ನಿಜವಾದದ್ದು ಮನುಷ್ಯನ ಧಮನಿಯಲ್ಲಿ ನಿಜವಾಗಲೇಬೇಕೆಂಬ ನಿಯಮವಿಲ್ಲ. ಯಾವುದೇ ಮಾತ್ರೆಯ ಮಹಿಮೆಯನ್ನು ಕೇಳಿದಾಗ, ‘ಇದನ್ನು ನುಂಗಿದವರನ್ನೂ ನುಂಗದವರನ್ನೂ ಹೋಲಿಸಿ ನೋಡಿದ್ದಾರೆಯೇ?’ ಎಂದು ಕೇಳುವ ಧೈರ್ಯ ನಮಗಿರಲಿ. ಹಾಗೆ ಕೇಳಬಲ್ಲವನೇ ಊಟ ಬಲ್ಲವನು.