ಪಾಠಕ್ಕೊಪ್ಪುವ ಚಿತ್ರ: ಮತ್ತೆ ಮತ್ತೆ ಬಳಸಬಲ್ಲ ಎಐ ‘ಸ್ಕಿಲ್’ ರೂಪಿಸುವ ಬಗೆ

ಮಾರ್ಗಶಿರ ಮಾಸದ ಕೊನೆಯ ದಿನ ಮುರುಮ, ಉಮರಗಾ, ನಿಲಂಗಾ, ಉದಗೀರ ಪರಿಸರದ ಹೊಲಗಳಲ್ಲಿ ಎಳ್ಳ ಅಮಾವಾಸ್ಯೆ ನಡೆಯುತ್ತದೆ. ಮರಾಠಿ ನೆರೆಯವರು ಅದನ್ನೇ ವೇಳ ಅಮಾವಾಸ್ಯೆ ಎನ್ನುತ್ತಾರೆ. ಜೋಳದ ಕಣಿಕೆಯ ಗುಡಿಸಲು, ಸುಣ್ಣ ಬಳಿದ ಐದು ಕಲ್ಲುಗಳ ಪಾಂಡವರು, ಗಡಿಗೆ ತುಂಬ ಅಂಬಲಿ, ಭಜ್ಜಿ, ಬೆಳೆಯ ನಡುವೆ ಚೆಲ್ಲುವ ಚರಗ, ಇವೆಲ್ಲ ಎರಡನೆಯ ವರ್ಗದ ಮಗುವೂ ಕಣ್ಣಾರೆ ಕಂಡ ಸಂಗತಿಗಳು. ಈ ಹಬ್ಬದ ಪಾಠಕ್ಕಾಗಿ ‘ಕನ್ನಡ ರೈತರ ಹಬ್ಬದ ಚಿತ್ರ ಬೇಕು’ ಎಂದಷ್ಟೇ ಎಐ ಸಾಧನವನ್ನು ಕೇಳಿದರೆ, ನೀರು ನಿಂತ ಭತ್ತದ ಗದ್ದೆ, ತೆಂಗಿನ ಸಾಲು, ಕೆಳಗೆ ಕನ್ನಡದಂತೆ ತೋರಿದರೂ ಓದಲು ಬಾರದ ಅಕ್ಷರಗಳು ಬರಬಹುದು. ಚಿತ್ರ ಅಂದವಾಗಿರುತ್ತದೆ, ಮಗುವಿನ ಊರು ಮಾತ್ರ ಅದರಲ್ಲಿರುವುದಿಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ಮಗುವಿಗೆ ತನ್ನ ಹೊಲ ಕನ್ನಡದ ಪುಟದಲ್ಲಿ ಕಾಣುವ ಸಂದರ್ಭಗಳೇ ಕಡಿಮೆ. ಆ ಕೊರತೆಗೆ ಯಂತ್ರವೂ ತನ್ನ ಪಾಲು ಸೇರಿಸಬಾರದು.

ನಾಲ್ಕಾರು ಬಾರಿ ತಿದ್ದಿ ಹೇಳಿದರೆ ಚಿತ್ರ ದಾರಿಗೆ ಬರುತ್ತದೆ. ಆದರೆ ಮುಂದಿನ ವಾರ ಹೊಸ ಸಂಭಾಷಣೆ ಆರಂಭಿಸಿದಾಗ ಅದೇ ತಿದ್ದುಪಡಿಗಳನ್ನು ಮೊದಲಿನಿಂದ ಹೇಳಬೇಕಾಗುತ್ತದೆ. ಈ ಪುನರಾವೃತ್ತಿಯನ್ನು ತಪ್ಪಿಸುವ ಉಪಾಯವೇ ‘ಸ್ಕಿಲ್’. ಆಂಥ್ರೋಪಿಕ್ ಸಂಸ್ಥೆಯು 2025ರ ಅಕ್ಟೋಬರ್‌ನಲ್ಲಿ ಈ ಪದ್ಧತಿಯನ್ನು ಪ್ರಕಟಿಸಿ, ಅದೇ ವರ್ಷದ ಡಿಸೆಂಬರ್‌ನಲ್ಲಿ ಇತರರೂ ಬಳಸಬಹುದಾದ ಮುಕ್ತ ಮಾನಕವಾಗಿ ಬಿಡುಗಡೆ ಮಾಡಿತು.

ಸ್ಕಿಲ್ ಎಂದರೆ ಒಂದು ಫೋಲ್ಡರ್, ಅದರೊಳಗೆ ‘ಸ್ಕಿಲ್.ಎಂಡಿ’ ಎಂಬ ಪಠ್ಯ ಕಡತ, ಅಷ್ಟೇ. ಕಡತದ ತಲೆಭಾಗದಲ್ಲಿ ಹೆಸರು ಮತ್ತು ವಿವರಣೆ ಇರಬೇಕು. ಹೆಸರನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಬರೆಯಬೇಕು. ಒಳಗಿನ ಸೂಚನೆಗಳು ಕನ್ನಡದಲ್ಲಿರಬಹುದು. ಎಐ ಕಾರ್ಯಕರ್ತ, ಅಂದರೆ ಏಜೆಂಟ್, ಮೊದಲಿಗೆ ಈ ಹೆಸರು ಮತ್ತು ವಿವರಣೆಯನ್ನು ಮಾತ್ರ ನೋಡುತ್ತದೆ. ಕೇಳಿದ ಕೆಲಸಕ್ಕೆ ಅವು ಹೊಂದಿದರೆ ಮಾತ್ರ ಉಳಿದುದನ್ನು ತೆರೆದು ಓದುತ್ತದೆ. ಆದ್ದರಿಂದ ‘ಚಿತ್ರಕ್ಕೆ ಸಹಾಯ’ ಎಂಬ ವಿವರಣೆ ಸಾಲದು. ‘ಮರಾಠವಾಡಾ ಗಡಿಭಾಗದ ಕನ್ನಡ ಮಕ್ಕಳ ಪಾಠಕ್ಕೆ ಚಿತ್ರ, ಭಿತ್ತಿಪತ್ರ ಅಥವಾ ಮಿಂಚುಪಟ್ಟಿ ಬೇಕೆಂದಾಗ ಬಳಸುವುದು’ ಎಂದು ಸಂದರ್ಭವನ್ನೇ ಹೇಳಬೇಕು. ಸ್ಕಿಲ್ ತಾನೇ ಚಿತ್ರ ಬಿಡಿಸುವುದಿಲ್ಲ ಎಂಬುದೂ ನೆನಪಿರಲಿ. ಚಿತ್ರ ರಚಿಸುವ ಸಾಧನವೊಂದು ಏಜೆಂಟಿನ ಕೈಯಲ್ಲಿರಬೇಕು. ಸ್ಕಿಲ್ ಅದಕ್ಕೆ ದಾರಿ ತೋರಿಸುತ್ತದೆ.

ಒಳಗಿನ ಸೂಚನೆಗಳೇ ಶಿಕ್ಷಕರ ನಿಜವಾದ ಕೃತಿ. ಅಪ್ಪಣೆಗಿಂತ ಕಾರಣ ಹೆಚ್ಚು ಕೆಲಸ ಮಾಡುತ್ತದೆ. ‘ಗದ್ದೆ ಬೇಡ’ ಎಂದು ಬರೆದರೆ ಗದ್ದೆ ಮಾತ್ರ ತಪ್ಪುತ್ತದೆ. ‘ಇದು ಕರಿ ಎರೆಮಣ್ಣಿನ ಒಣಬೇಸಾಯದ ಸೀಮೆ, ಈ ಹಬ್ಬದ ವೇಳೆಗೆ ಹೊಲದಲ್ಲಿ ಹಿಂಗಾರಿ ಜೋಳ, ಕಡಲೆ ನಿಂತಿರುತ್ತವೆ’ ಎಂದು ಬರೆದರೆ ಮಣ್ಣಿನ ಬಣ್ಣ, ಬದು, ಮರಗಿಡಗಳೂ ಅದಕ್ಕೆ ತಕ್ಕಂತೆ ಬದಲಾಗುತ್ತವೆ, ನಾಳೆ ತೊಗರಿಯ ಪಾಠಕ್ಕೂ ಅದೇ ಸಾಲು ನೆರವಾಗುತ್ತದೆ. ಪಾಂಡವರು ಕಲ್ಲುಗಳೇ ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕು. ಇಲ್ಲದಿದ್ದರೆ ದೂರದರ್ಶನದ ಮಹಾಭಾರತ ಕಿರೀಟಸಮೇತ ಹೊಲಕ್ಕಿಳಿದೀತು! ಹಬ್ಬ, ಬೆಳೆ, ಉದಗೀರದ ಕೋಟೆಯಂಥ ಕಟ್ಟಡ, ಒಂದೊಂದಕ್ಕೂ ಬೇರೆ ಕಡತವಿದ್ದರೆ ಏಜೆಂಟ್ ಬೇಕಾದುದನ್ನು ಮಾತ್ರ ತೆರೆಯುತ್ತದೆ.

ಎಲ್ಲವನ್ನೂ ಕಟ್ಟಿಹಾಕಿದರೆ ಚಿತ್ರಗಳೆಲ್ಲ ಒಂದೇ ಅಚ್ಚಿನವಾಗುತ್ತವೆ. ವಸ್ತುಸತ್ಯವನ್ನು ಬಿಗಿಯಾಗಿಟ್ಟು ವಿನ್ಯಾಸವನ್ನು ಸಡಿಲ ಬಿಡುವುದು ಲೇಸು. ‘ಮೊದಲು ಮೂರು ಭಿನ್ನ ಕಲ್ಪನೆಗಳನ್ನು ಮಾತಿನಲ್ಲಿ ಹೇಳು, ಶಿಕ್ಷಕರು ಆರಿಸಿದ ಮೇಲೆ ಚಿತ್ರಿಸು’ ಎಂಬ ಸೂಚನೆ ಉಪಯುಕ್ತ. ಹಕ್ಕಿಯ ಎತ್ತರದಿಂದ ಕಾಣುವ ಹೊಲ, ಜೋಳದ ದಂಟುಗಳ ನಡುವೆ ನಿಂತ ಮಗುವಿನ ಕಣ್ಣಿಗೆ ಕಾಣುವ ಗುಡಿಸಲು, ಐದು ಕಲ್ಲುಗಳಷ್ಟೇ ತುಂಬಿದ ಸಮೀಪದೃಶ್ಯ, ಈ ಮೂರೂ ಒಂದೇ ಪಾಠದ ಮೂರು ಬೇರೆ ಪ್ರಶ್ನೆಗಳಿಗೆ ಎಡೆಮಾಡುತ್ತವೆ.

ಅಕ್ಷರಗಳ ವಿಷಯದಲ್ಲಿ ರಾಜಿ ಕೂಡದು. ಚಿತ್ರ ರಚಿಸುವ ಮಾದರಿಗಳು ಲಿಪಿಯನ್ನು ಆಕಾರವೆಂದು ಚಿತ್ರಿಸುವುದರಿಂದ ‘ಎಳ್ಳ’ ಎಂಬಲ್ಲಿನ ಒತ್ತಕ್ಷರ ಸುಲಭವಾಗಿ ಮುರಿದು ಬೀಳುತ್ತದೆ. ಓದು ಕಲಿಯುತ್ತಿರುವ ಮಗು ಆ ಮುರುಕನ್ನೇ ಸರಿಯೆಂದು ತಿಳಿದೀತು. ಚಿತ್ರದಲ್ಲಿ ಶೀರ್ಷಿಕೆಗೆ ಖಾಲಿ ಜಾಗ ಬಿಡುವಂತೆ ಬರೆದಿಟ್ಟು, ಶೀರ್ಷಿಕೆಯನ್ನು ಆಮೇಲೆ ನೋಟೋ ಸಾನ್ಸ್ ಕನ್ನಡದಂಥ ಯೂನಿಕೋಡ್ ಅಕ್ಷರಶೈಲಿಯಲ್ಲಿ ಬೇರೆಯಾಗಿ ಕೂಡಿಸಬೇಕು.

ಚಿತ್ರಿಸಬಾರದ ಸಂಗತಿಗಳೂ ಸ್ಕಿಲ್‌ನಲ್ಲಿ ನಮೂದಾಗಬೇಕು. ನಕಾಶೆಯನ್ನು ಬಾಲಭಾರತಿಯ ಪಠ್ಯಪುಸ್ತಕದಿಂದಲೇ ತೋರಿಸಬೇಕು. 1993ರ ಸೆಪ್ಟೆಂಬರ್ 30ರ ನಸುಕಿನ ಕಿಲ್ಲಾರಿ ಭೂಕಂಪದ ಪಾಠಕ್ಕೆ ಛಾಯಾಚಿತ್ರದಂತೆ ತೋರುವ ಕಲ್ಪಿತ ದೃಶ್ಯ ಸಲ್ಲದು. ಉಮರಗಾ ಪರಿಸರದಲ್ಲಿ ಆ ರಾತ್ರಿಯನ್ನು ಕಂಡವರು ಇನ್ನೂ ಇದ್ದಾರೆ. ಮಕ್ಕಳು ಅವರನ್ನು ಕೇಳಿ ತಿಳಿಯಬಹುದು, ಭೂಮಿಯ ಪದರಗಳ ರೇಖಾಚಿತ್ರವನ್ನು ಏಜೆಂಟ್ ಮಾಡಿಕೊಡಲಿ. ವಿದ್ಯಾರ್ಥಿಗಳ ಭಾವಚಿತ್ರಗಳನ್ನು ಮಾದರಿಯೆಂದು ಫೋಲ್ಡರಿಗೆ ಸೇರಿಸುವುದಂತೂ ಸಲ್ಲ.

ಬರೆದು ಮುಗಿದ ಮೇಲೆ ಪ್ರತಿಸಲವೂ ಹೊಸ ಸಂಭಾಷಣೆಯಲ್ಲಿ ಪರೀಕ್ಷಿಸಬೇಕು. ಹಬ್ಬದ ಚಿತ್ರ ಕೇಳಿದಾಗ ಸ್ಕಿಲ್ ತೆರೆದುಕೊಳ್ಳುತ್ತದೆಯೇ, ಹಾಜರಿ ಪಟ್ಟಿ ಕೇಳಿದಾಗ ಸುಮ್ಮನಿರುತ್ತದೆಯೇ ಎಂದು ನೋಡಬೇಕು. ಅನಂತರ ಚಿತ್ರವನ್ನು ಹೆಸರಿಲ್ಲದೆ ವರ್ಗದಲ್ಲಿ ತೋರಿಸಿ ‘ಇದು ಯಾರ ಹೊಲ?’ ಎಂದು ಕೇಳಬೇಕು. ಗಡಿಗೆ ಇರಬೇಕಾದಲ್ಲಿ ಸ್ಟೀಲಿನ ಕೊಡ ಬಂದಿದೆಯೆಂದು ಮಗುವೊಂದು ಎತ್ತಿ ತೋರಿಸಿದರೆ, ಆ ಮಾತು ಅಂದೇ ಹಬ್ಬದ ಕಡತಕ್ಕೆ ಸೇರಬೇಕು.