ಟೆನ್ನಿಸ್ ಆಟದಲ್ಲಿ ನೆಲದ ಪಾತ್ರ

ಗೊರವನಹಳ್ಳಿಯ ಸುತ್ತಮುತ್ತಲ ಹಳ್ಳಿಗಳಲ್ಲಿ ಬೆಳೆದವರಿಗೆ ಚೆಂಡಿನ ಸ್ವಭಾವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸುಗ್ಗಿಯ ಕಾಲಕ್ಕೆ ನೆಲವನ್ನು ನೆನಸಿ, ಬಡಿದು, ಸಗಣಿಯಿಂದ ಸಾರಿಸಿ ಮಾಡಿದ ಕಣದ ಮೇಲೆ ನಮ್ಮ ರಬ್ಬರ್ ಚೆಂಡು ಸೊಂಟದ ಮಟ್ಟಕ್ಕೆ ಏಳುತ್ತಿತ್ತು. ಅದೇ ಚೆಂಡನ್ನು ತೀತಾ ಜಲಾಶಯದ ಕಡೆಯ ಹುಲ್ಲಿನ ಮೇಲೆ ಎಸೆದರೆ ಮೊಣಕಾಲಿನವರೆಗೂ ಏಳದೆ ಜಾರಿಹೋಗುತ್ತಿತ್ತು. ಕಲ್ಲುಚಪ್ಪಡಿಯ ಜಗಲಿಯ ಮೇಲಂತೂ ತಲೆಯನ್ನು ಮೀರಿ ಹಾರಿ ಯಾರದೋ ಹಿತ್ತಲಿಗೆ ಬೀಳುತ್ತಿತ್ತು. ಕಣದಲ್ಲಿ ಗೆಲ್ಲುತ್ತಿದ್ದ ಹುಡುಗ ಹುಲ್ಲಿನಲ್ಲಿ ಸೋಲುತ್ತಿದ್ದ. ಅದನ್ನು ನಾವು ಅದೃಷ್ಟವೆಂದುಕೊಂಡಿದ್ದೆವು. ಈಗ ಕಣ ಮಾಡುವವರೇ ಕಡಮೆ. ರಾಗಿಯ ತೆನೆಯನ್ನು ಟಾರು ರಸ್ತೆಯ ಮೇಲೆ ಹರಡುವುದು ರೂಢಿಯಾಗಿದೆ. ಆದರೆ ಆ ಹುಡುಗಾಟದಲ್ಲಿ ಕಂಡ ಸಂಗತಿಯೇ ಜಗತ್ತಿನ ದೊಡ್ಡ ದೊಡ್ಡ ಟೆನ್ನಿಸ್ ಆಟಗಾರರ ಸೋಲು ಗೆಲುವುಗಳನ್ನು ಎಷ್ಟೋ ಮಟ್ಟಿಗೆ ವಿವರಿಸುತ್ತದೆ. ಅದನ್ನು ಸಹಪಾಠಿಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

‘ಕುಣಿಯಲಾರದವಳು ನೆಲ ಡೊಂಕೆಂದಳು’ ಎಂಬ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಟೆನ್ನಿಸ್ ಆಟದ ಮಟ್ಟಿಗೆ ಈ ಗಾದೆ ಎಷ್ಟು ನಿಜ ಎಂಬುದನ್ನು ಪರೀಕ್ಷಿಸೋಣ.

ಟೆನ್ನಿಸ್ ಅಂಕಣದ ಅಳತೆ ಎಲ್ಲೆಡೆಯೂ ಒಂದೇ. ಉದ್ದ 78 ಅಡಿ. ಅಗಲ ಒಬ್ಬೊಬ್ಬರ ಆಟಕ್ಕೆ 27 ಅಡಿ, ಜೋಡಿ ಆಟಕ್ಕೆ 36 ಅಡಿ. ಬಲೆಯ ನಡುವಿನ ಎತ್ತರ 3 ಅಡಿ. ಚೆಂಡಿಗೂ ನಿಯಮವುಂಟು. ಸಾಮಾನ್ಯ ಚೆಂಡನ್ನು 254 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲದ ಮೇಲೆ ಬಿಟ್ಟರೆ ಅದು 135ರಿಂದ 147 ಸೆಂಟಿಮೀಟರ್ ವರೆಗೆ ಪುಟಿಯಬೇಕು. ಆದರೆ ನೆಲ ಇಂಥದೇ ಆಗಿರಬೇಕೆಂಬ ನಿಯಮವಿಲ್ಲ. ಹುಲ್ಲು, ಮಣ್ಣು, ಕಾಂಕ್ರೀಟು ಅಥವಾ ಡಾಂಬರಿನ ಮೇಲೆ ಬಣ್ಣದ ಲೇಪವಿರುವ ಗಟ್ಟಿ ಅಂಕಣ, ಈ ಮೂರೂ ನಡೆಯುತ್ತವೆ. ಅಂತರರಾಷ್ಟ್ರೀಯ ಟೆನ್ನಿಸ್ ಫೆಡರೇಷನ್ ಅಂಕಣಗಳನ್ನು ಅವುಗಳ ವೇಗಕ್ಕೆ ತಕ್ಕಂತೆ ನಿಧಾನದಿಂದ ಶೀಘ್ರದವರೆಗೆ ಐದು ವರ್ಗಗಳಾಗಿ ವಿಂಗಡಿಸಿದೆ.

ನೆಲವು ಚೆಂಡಿನ ಮೇಲೆ ಎರಡು ಬಗೆಯ ಪ್ರಭಾವವನ್ನು ಬೀರುತ್ತದೆ. ಒಂದು ಘರ್ಷಣೆ, ಇನ್ನೊಂದು ಪುಟಿತ. ಚೆಂಡು ನೆಲಕ್ಕೆ ತಗಲಿದ ಕ್ಷಣದಲ್ಲಿ ಘರ್ಷಣೆಯು ಅದರ ಮುನ್ನಡೆಯ ವೇಗವನ್ನು ತಗ್ಗಿಸುತ್ತದೆ. ಮಣ್ಣಿನ ಅಂಕಣದಲ್ಲಿ ಸಣ್ಣ ಹರಳುಗಳು ಚೆಂಡನ್ನು ಹಿಡಿದೆಳೆದಂತೆ ತಡೆಯುತ್ತವೆ; ವೇಗ ಹೆಚ್ಚಾಗಿ ಕಳೆದು, ಚೆಂಡು ಎತ್ತರಕ್ಕೆ ಏಳುತ್ತದೆ. ಮುಂದಕ್ಕೆ ಉರುಳುವಂತೆ ಸುತ್ತು ಕೊಟ್ಟು ಹೊಡೆದ ಚೆಂಡಾದರೆ ಹೆಗಲನ್ನೂ ಮುಟ್ಟಬಹುದು. ಹುಲ್ಲಿನ ಎಲೆ ನುಣುಪು. ಅಲ್ಲಿ ಚೆಂಡು ಜಾರುತ್ತದೆ, ವೇಗ ಅಷ್ಟಾಗಿ ಕುಗ್ಗುವುದಿಲ್ಲ. ಹುಲ್ಲಿನ ಹಾಸು ಮೃದುವಾದ್ದರಿಂದ ಪುಟಿತವೂ ತಗ್ಗು. ಗಟ್ಟಿ ಅಂಕಣ ಇವೆರಡರ ನಡುವಿನದು. ಅಲ್ಲಿ ಪುಟಿತ ನಿಶ್ಚಿತ. ಲೇಪದಲ್ಲಿ ಬೆರೆಸುವ ಮರಳು ಹೆಚ್ಚಾದಷ್ಟೂ ಆಟ ನಿಧಾನವಾಗುತ್ತದೆ.

ಇದರಿಂದ ಆಟದ ರೀತಿಯೇ ಬದಲಾಗುತ್ತದೆ. ಹುಲ್ಲಿನಲ್ಲಿ ಎದುರಾಳಿಗೆ ಯೋಚಿಸಲು ಸಮಯವಿಲ್ಲ; ಬಲವಾದ ಸರ್ವ್ ಮಾಡಿ, ಬಲೆಯ ಬಳಿಗೆ ಧಾವಿಸಿ, ಚೆಂಡು ನೆಲ ಮುಟ್ಟುವ ಮೊದಲೇ ವಾಲಿ ಹೊಡೆಯುವವನಿಗೆ ಅನುಕೂಲ. ಮಣ್ಣಿನಲ್ಲಿ ಅದೇ ಸರ್ವ್ ಅರ್ಧ ಬಲ ಕಳೆದುಕೊಂಡಂತೆ ತೋರುತ್ತದೆ. ಎದುರಾಳಿ ಓಡಿ ಬಂದು ಹಿಂದಿರುಗಿಸುತ್ತಾನೆ. ಒಂದು ಅಂಕಕ್ಕೆ ಇಪ್ಪತ್ತು ಮೂವತ್ತು ಹೊಡೆತಗಳಾಗಬಹುದು. ಅಲ್ಲಿ ಬೇಕಾದದ್ದು ದಮ್ಮು, ತಾಳ್ಮೆ, ಮತ್ತು ಜಾರುತ್ತಲೇ ನಿಂತು ಹೊಡೆಯುವ ಕಾಲುಗಾರಿಕೆ.

ಇನ್ನು ಆಟಗಾರರ ಚರಿತ್ರೆಯನ್ನು ನೋಡೋಣ. ಅಮೆರಿಕದ ಪೀಟ್ ಸಾಂಪ್ರಾಸ್ ವಿಂಬಲ್ಡನ್ನಿನ ಹುಲ್ಲಿನಲ್ಲಿ ಏಳು ಸಲ ಗೆದ್ದವನು. ಆದರೆ ಪ್ಯಾರಿಸಿನ ಮಣ್ಣಿನಲ್ಲಿ ಅವನು ಒಮ್ಮೆಯೂ ಫೈನಲ್ ತಲಪಲಿಲ್ಲ. 1996ರ ಸೆಮಿಫೈನಲೇ ಅವನ ಎಲ್ಲೆ. ಸ್ಪೇನಿನ ರಾಫೆಲ್ ನಡಾಲ್ ಅದೇ ಪ್ಯಾರಿಸಿನಲ್ಲಿ ಹದಿನಾಲ್ಕು ಪ್ರಶಸ್ತಿ ಗೆದ್ದ. ಅಲ್ಲಿ ಆಡಿದ 116 ಪಂದ್ಯಗಳಲ್ಲಿ ಸೋತದ್ದು ನಾಲ್ಕೇ. ಸ್ವಿಟ್ಜರ್ಲೆಂಡಿನ ರೋಜರ್ ಫೆಡರರ್ ವಿಂಬಲ್ಡನ್ನಿನಲ್ಲಿ ಎಂಟು ಸಲ ಗೆದ್ದರೂ ಪ್ಯಾರಿಸಿನಲ್ಲಿ ಗೆದ್ದದ್ದು 2009ರಲ್ಲಿ ಒಮ್ಮೆ ಮಾತ್ರ. ಈ ಇಬ್ಬರ ನಡುವೆ 2007ರ ಮೇ ತಿಂಗಳಿನಲ್ಲಿ ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಒಂದು ವಿಚಿತ್ರ ಪಂದ್ಯ ನಡೆಯಿತು. ಬಲೆಯ ಒಂದು ಬದಿಗೆ ಹುಲ್ಲು, ಇನ್ನೊಂದು ಬದಿಗೆ ಮಣ್ಣು! ಬದಿ ಬದಲಾದಾಗಲೆಲ್ಲ ಆಟಗಾರರು ಬೂಟನ್ನೂ ಬದಲಿಸಬೇಕಾಗಿತ್ತು. ನಡಾಲ್ 7–5, 4–6, 7–6 ಅಂತರದಿಂದ ಗೆದ್ದ. ನೆಲದ ಅನುಕೂಲ ಇಬ್ಬರಿಗೂ ಸಮನಾಗಿ ಹಂಚಿಹೋದಾಗ ಗೆಲುವು ಕೂದಲೆಳೆಯಷ್ಟರದಾಯಿತು.

ಹಾಗೆಂದು ನೆಲವೇ ಎಲ್ಲವನ್ನೂ ನಿರ್ಧರಿಸುತ್ತದೆಯೆ? ಇಲ್ಲ. ಸ್ವೀಡನ್ನಿನ ಬ್ಯೋರ್ನ್ ಬೋರ್ಗ್ 1978, 1979, 1980 ಮೂರು ವರ್ಷವೂ ಪ್ಯಾರಿಸಿನ ಮಣ್ಣಿನಲ್ಲಿ ಗೆದ್ದು, ಕೆಲವೇ ವಾರಗಳಲ್ಲಿ ವಿಂಬಲ್ಡನ್ನಿನ ಹುಲ್ಲಿನಲ್ಲಿಯೂ ಗೆದ್ದ. ಅಮೆರಿಕದ ಓಪನ್ ಪಂದ್ಯಾವಳಿ 1974ರವರೆಗೆ ಹುಲ್ಲಿನಲ್ಲಿ, 1975ರಿಂದ 1977ರವರೆಗೆ ಮಣ್ಣಿನಲ್ಲಿ, 1978ರಿಂದ ಗಟ್ಟಿ ಅಂಕಣದಲ್ಲಿ ನಡೆದುಬಂದಿದೆ. ಜಿಮ್ಮಿ ಕಾನರ್ಸ್ ಅಲ್ಲಿ 1974, 1976, 1978ರಲ್ಲಿ ಗೆದ್ದು ಒಂದೇ ಪಂದ್ಯಾವಳಿಯನ್ನು ಮೂರು ಬಗೆಯ ನೆಲದ ಮೇಲೆ ಜಯಿಸಿದ. ಆಸ್ಟ್ರೇಲಿಯದ ಓಪನ್ ಕೂಡ 1988ರಲ್ಲಿ ಹುಲ್ಲನ್ನು ಬಿಟ್ಟು ಗಟ್ಟಿ ಅಂಕಣಕ್ಕೆ ಬಂತು. ವಿಂಬಲ್ಡನ್ನಿನಲ್ಲಿ ಹುಲ್ಲು ಉಳಿಯಿತಾದರೂ 2001ರಲ್ಲಿ ಅದರ ಜಾತಿ ಬದಲಾಯಿತು. ಮಿಶ್ರ ಹುಲ್ಲಿನ ಬದಲು ರೈ ಹುಲ್ಲನ್ನು ಮಾತ್ರ ಬೆಳೆಸತೊಡಗಿದರು. ಮರುವರ್ಷದ ಪುರುಷರ ಫೈನಲಿನಲ್ಲಿ ಆಡಿದ ಹೆವಿಟ್, ನಲ್ಬಾಂಡಿಯನ್ ಇಬ್ಬರೂ ಬಲೆಯ ಬಳಿಗೆ ಧಾವಿಸುವವರಲ್ಲ, ಹಿಂದೆ ನಿಂತು ಹೊಡೆಯುವವರು.

ನಮ್ಮ ದೇಶದ ಅನುಭವವೂ ಇದನ್ನೇ ಹೇಳುತ್ತದೆ. ಡೇವಿಸ್ ಕಪ್ ಪಂದ್ಯಗಳಲ್ಲಿ ಯಾವ ನೆಲದ ಮೇಲೆ ಆಡಬೇಕೆಂಬುದನ್ನು ಸಾಮಾನ್ಯವಾಗಿ ಆತಿಥೇಯ ದೇಶ ಆರಿಸುತ್ತದೆ. ಭಾರತ ಬಹುಕಾಲ ಹುಲ್ಲನ್ನೇ ನೆಚ್ಚಿಕೊಂಡಿತ್ತು. ರಾಮನಾಥನ್ ಕೃಷ್ಣನ್ 1960 ಮತ್ತು 1961ರಲ್ಲಿ ವಿಂಬಲ್ಡನ್ ಸೆಮಿಫೈನಲ್ ತಲಪಿದ್ದು ಹುಲ್ಲಿನಲ್ಲಿಯೇ. 1987ರಲ್ಲಿ ನಮ್ಮವರು ಆಸ್ಟ್ರೇಲಿಯವನ್ನು ಅವರದೇ ಸಿಡ್ನಿಯ ಹುಲ್ಲಿನಲ್ಲಿ 3–2ರಿಂದ ಸೋಲಿಸಿ ಫೈನಲಿಗೆ ಬಂದರು. ಫೈನಲ್ ನಡೆದದ್ದು ಸ್ವೀಡನ್ನಿನ ಗೋಟೆಬೋರ್ಗಿನಲ್ಲಿ, ಒಳಾಂಗಣದ ಮಣ್ಣಿನ ಮೇಲೆ. ಅಲ್ಲಿ ಐದಕ್ಕೆ ಐದೂ ಸೋತೆವು. ಇಲ್ಲಿಗೇ ನಿಲ್ಲಿಸಿದರೆ ‘ನೆಲ ಡೊಂಕು’ ಎಂಬ ಮಾತೇ ಗೆದ್ದಂತಾಗುತ್ತದೆ. ಆದರೆ ಆರು ವರ್ಷಗಳ ಅನಂತರ, 1993ರಲ್ಲಿ, ಫ್ರಾನ್ಸಿನ ಫ್ರೇಜೂ ಪಟ್ಟಣದಲ್ಲಿ, ಆ ದೇಶದವರು ತಾವೇ ಆರಿಸಿದ ಮಣ್ಣಿನ ಮೇಲೆ ಲಿಯಾಂಡರ್ ಪೇಸ್ ಮತ್ತು ರಮೇಶ್ ಕೃಷ್ಣನ್ ಭಾರತಕ್ಕೆ 3–2ರ ಗೆಲುವನ್ನು ತಂದರು. ನೆಲ ಪ್ರತಿಕೂಲವಾಗಿತ್ತು, ಕಲಿಕೆ ಅದನ್ನು ದಾಟಿತು.

ಕರ್ನಾಟಕಕ್ಕೆ ಬಂದರೆ, ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿರುವ ಸಂಸ್ಥೆಯ ಹೆಸರು ಕರ್ನಾಟಕ ರಾಜ್ಯ ಲಾನ್ ಟೆನ್ನಿಸ್ ಸಂಸ್ಥೆ. ಲಾನ್ ಎಂದರೆ ಹುಲ್ಲುಹಾಸು. ಆದರೆ 2008ರಲ್ಲಿ ಸೆರೆನಾ ವಿಲಿಯಮ್ಸ್ ಬೆಂಗಳೂರಿನ ಪ್ರಶಸ್ತಿಯನ್ನು ಗೆದ್ದದ್ದೂ, 2017ರ ಬೆಂಗಳೂರು ಓಪನ್ನಿನಲ್ಲಿ ಸುಮಿತ್ ನಗಾಲ್ ಗೆದ್ದದ್ದೂ ಗಟ್ಟಿ ಅಂಕಣದ ಮೇಲೆ. ಹೆಸರಿನಲ್ಲಿ ಹುಲ್ಲು ಉಳಿದಿದೆ. ಆಟ ನೆಲ ಬದಲಿಸಿದೆ.

ಕೊಡಗಿನ ರೋಹನ್ ಬೋಪಣ್ಣನವರ ಜೀವನ ಈ ವಿಷಯಕ್ಕೆ ಒಳ್ಳೆಯ ಪಾಠ. ಅವರ ಮುಖ್ಯ ಬಲ ಭಾರಿ ಸರ್ವ್. ಲೆಕ್ಕದ ಪ್ರಕಾರ ಮಣ್ಣು ಅವರಿಗೆ ಒಗ್ಗಬಾರದಾಗಿತ್ತು. ಆದರೂ ಅವರ ಮೊದಲನೆಯ ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿ ಬಂದದ್ದು 2017ರಲ್ಲಿ, ಪ್ಯಾರಿಸಿನ ಮಣ್ಣಿನಲ್ಲಿ, ಕೆನಡಾದ ಗೇಬ್ರಿಯೆಲಾ ದಬ್ರೋವ್ಸ್ಕಿಯೊಡನೆ ಆಡಿದ ಮಿಶ್ರ ಜೋಡಿಯಲ್ಲಿ. ಮೊದಲ ಸೆಟ್ಟನ್ನು 2–6ರಿಂದ ಕಳೆದುಕೊಂಡೂ ಅವರು ಗೆದ್ದರು. ಎರಡನೆಯದು 2024ರ ಜನವರಿಯಲ್ಲಿ ಮೆಲ್ಬರ್ನಿನ ಗಟ್ಟಿ ಅಂಕಣದಲ್ಲಿ, ಮ್ಯಾಥ್ಯೂ ಎಬ್ಡೆನ್ನರೊಡನೆ. ಆಗ ಅವರಿಗೆ 43 ವರ್ಷ. ವಿಂಬಲ್ಡನ್ನಿನ ಹುಲ್ಲಿನಲ್ಲಿ ಮೂರು ಸಲ ಸೆಮಿಫೈನಲ್ ತಲಪಿದರೂ ಪ್ರಶಸ್ತಿ ಕೈಗೆ ಬರಲಿಲ್ಲ. ಆಟಗಾರನಿಗೆ ಒಲಿಯಬೇಕಾದ ನೆಲವೇ ಒಲಿಯದೆ, ಒಲಿಯಲಾರದೆಂಬ ನೆಲ ಒಲಿಯುವುದೂ ಉಂಟು.

ಕೊನೆಯದಾಗಿ ಒಂದು ಮಾತು. ಟೆನ್ನಿಸ್ ಪಟ್ಟಣದವರ ಆಟ, ಹಸುರು ಬಣ್ಣದ ಅಂಕಣವಿಲ್ಲದೆ ಅದು ಸಾಧ್ಯವಿಲ್ಲ ಎಂದು ನಮ್ಮಲ್ಲಿ ಅನೇಕರು ಮೊದಲೇ ಕೈಬಿಡುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. ಆದರೆ ಪ್ಯಾರಿಸಿನ ಪ್ರಖ್ಯಾತ ಕೆಂಪು ಅಂಕಣದ ಮೇಲ್ಪದರವೆಂದರೆ, ಪುಡಿಮಾಡಿದ ಸುಣ್ಣಕಲ್ಲಿನ ಮೇಲೆ ತೆಳುವಾಗಿ ಹರಡಿದ ಇಟ್ಟಿಗೆಯ ಪುಡಿ. ನಮ್ಮ ಹಿರಿಯರು ಗಾರೆಗೆ ಬೆರೆಸುತ್ತಿದ್ದ ಸುರ್ಕಿಯಂಥದೇ. 1962 ಮತ್ತು 1969ರಲ್ಲಿ ಒಂದೇ ವರ್ಷದೊಳಗೆ ನಾಲ್ಕೂ ಮಹಾಪ್ರಶಸ್ತಿಗಳನ್ನು ಗೆದ್ದ ಆಸ್ಟ್ರೇಲಿಯದ ರಾಡ್ ಲೇವರ್ ಬಾಲ್ಯದಲ್ಲಿ ಆಡಿ ಕಲಿತದ್ದು ಹುತ್ತದ ಮಣ್ಣನ್ನು ಪುಡಿಮಾಡಿ ಹಾಸಿದ ಮನೆಯ ಅಂಕಣದಲ್ಲಿ. ಹುತ್ತಕ್ಕೂ ಕೆಮ್ಮಣ್ಣಿಗೂ ನಮ್ಮ ಸೀಮೆಯಲ್ಲಿ ಬರಗಾಲ ಬಂದದ್ದಿಲ್ಲ.

ಆದ್ದರಿಂದ ಗಾದೆ ಅರ್ಧ ನಿಜ. ನೆಲ ಡೊಂಕಿರುವುದುಂಟು, ಟೆನ್ನಿಸ್ಸಿನಲ್ಲಿ ಅದು ನೆಪವಲ್ಲ, ವಿಜ್ಞಾನ. ಆದರೆ ಡೊಂಕನ್ನು ತಿಳಿದು ಹೆಜ್ಜೆಯನ್ನು ತಿದ್ದಿಕೊಂಡವನೇ ಬೋರ್ಗ್ ಆದ, ಲೇವರ್ ಆದ. ಕಾಲೇಜಿನ ಮೈದಾನದ ಒಂದು ಮೂಲೆಯನ್ನು ನಾವೇ ನೆನಸಿ, ಬಡಿದು, 78 ಅಡಿಗೆ ಸುಣ್ಣದ ಗೆರೆ ಎಳೆಯಲು ಎರಡು ಭಾನುವಾರ ಸಾಕು. ಕಣ ಮಾಡುವುದನ್ನು ಬಲ್ಲ ಹಿರಿಯರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಕೇಳಲು ತಡಮಾಡದಿರೋಣ.