ಮರಳಿ ಬಂದ ಕಡತಗಳೂ ಮುಚ್ಚಿದ ಬಾಗಿಲುಗಳೂ

ಚಿತ್ರದುರ್ಗದಲ್ಲಿ ಪ್ರಧಾನ ಕಚೇರಿಯನ್ನೂ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಒಂದೊಂದು ಶಾಖೆಯನ್ನೂ ಹೊಂದಿರುವ ಒಂದು ಸಹಕಾರ ಸಂಘವನ್ನು ಕಲ್ಪಿಸಿಕೊಳ್ಳೋಣ. ಮೂರು ಶಾಖೆಗಳ ಲೆಕ್ಕಪತ್ರಗಳೂ ಪ್ರಧಾನ ಕಚೇರಿಯ ಸರ್ವರಿನಲ್ಲಿವೆ. ಶಾಖೆಗಳ ಗುಮಾಸ್ತರು ಜಾಲದ ಮೂಲಕ ಅವನ್ನು ತೆರೆದು ಬರೆಯುತ್ತಾರೆ. ಪ್ರತಿ ರಾತ್ರಿಯೂ ಸಮಸ್ತ ಕಡತಗಳ ಪ್ರತಿಯೊಂದು ಬೇರೊಂದು ಡಿಸ್ಕಿಗೆ ಇಳಿಯುತ್ತದೆ. ಇದಕ್ಕೆ ಬ್ಯಾಕಪ್ ಎಂದು ಹೆಸರು.

ಒಂದು ಬೆಳಗ್ಗೆ ಸರ್ವರಿನ ಡಿಸ್ಕು ಕೆಟ್ಟಿತೆನ್ನಿ. ಹೊಸ ಯಂತ್ರ ಬಂದಿತು. ಬ್ಯಾಕಪ್ ಇದೆಯಲ್ಲ ಎಂಬ ಧೈರ್ಯದಿಂದ ಸಿಬ್ಬಂದಿಯವರು ಕಡತಗಳನ್ನು ಮರಳಿ ತುಂಬಲು ತೊಡಗಿದರು. ಆಗ ತೆರೆಯ ಮೇಲೆ 'ಪರ್ಮಿಷನ್ ಡಿನೈಡ್', ಅಂದರೆ 'ಅನುಮತಿ ಇಲ್ಲ' ಎಂಬ ಸಾಲುಗಳು ಒಂದರ ಹಿಂದೊಂದು ಮೂಡತೊಡಗಿದವು. ಕಡತಗಳು ಕೈಯಲ್ಲಿಯೇ ಇವೆ. ಆದರೆ ಇಡಲು ಜಾಗವಿಲ್ಲವೆಂಬಂತಾಯಿತು. ಅತ್ತ ಹೊಳಲ್ಕೆರೆಯ ಶಾಖೆಯಲ್ಲಿ ಅಡಕೆ ಬೆಳೆಗಾರನೊಬ್ಬನು ಸಾಲದ ಕಂತು ಕಟ್ಟಲು ಹಣ ಹಿಡಿದು ನಿಂತಿದ್ದಾನೆ. ಅವನ ಬಾಕಿ ಎಷ್ಟೆಂದು ಹೇಳಬಲ್ಲವರು ಯಾರೂ ಇಲ್ಲ.

ಇಂತಹ ತೊಡಕು ಎಲ್ಲಿಂದ ಹುಟ್ಟುತ್ತದೆ, ಅದನ್ನು ಬಿಡಿಸುವ ಕ್ರಮವೇನು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಕೋಟೆಯ ದೃಷ್ಟಾಂತ

ಚಿತ್ರದುರ್ಗದ ಏಳುಸುತ್ತಿನ ಕೋಟೆಯನ್ನು ನೋಡಿದವರಿಗೆ ಈ ವಿಷಯವನ್ನು ತಿಳಿಯುವುದು ಕಷ್ಟವಲ್ಲ. ಅಲ್ಲಿ ಒಳಗಿನ ಸುತ್ತನ್ನು ತಲುಪಬೇಕಾದವನು ಹೊರಗಿನ ಬಾಗಿಲುಗಳನ್ನೆಲ್ಲ ಒಂದೊಂದಾಗಿ ದಾಟಬೇಕು. ಒಂದೇ ಒಂದು ಬಾಗಿಲಿನಲ್ಲಿ ತಡೆಯುಂಟಾದರೂ ಮುಂದಿನ ಬಾಗಿಲುಗಳು ತೆರೆದಿದ್ದು ಪ್ರಯೋಜನವಿಲ್ಲ.

ಸರ್ವರಿನಲ್ಲಿ ಕಡತಗಳು ಫೋಲ್ಡರುಗಳೊಳಗೆ, ಆ ಫೋಲ್ಡರುಗಳು ಬೇರೆ ಫೋಲ್ಡರುಗಳೊಳಗೆ ಹೀಗೆಯೇ ಸುತ್ತುಸುತ್ತಾಗಿ ಅಡಗಿರುತ್ತವೆ. ಪ್ರತಿಯೊಂದು ಸುತ್ತಿನಲ್ಲಿಯೂ ಗಣಕವು ಎರಡು ಪ್ರಶ್ನೆಗಳನ್ನು ಕೇಳುತ್ತದೆ: ನೀನು ಯಾರು? ನಿನಗೆ ಇಲ್ಲಿ ಏನು ಮಾಡುವ ಅಧಿಕಾರವಿದೆ? ಅನುಮತಿದೋಷವೆಂದರೆ ಈ ಎರಡರಲ್ಲೊಂದಕ್ಕೆ ತೃಪ್ತಿಕರವಾದ ಉತ್ತರ ದೊರೆಯಲಿಲ್ಲವೆಂದೇ ಅರ್ಥ. ಆದುದರಿಂದ ಅದನ್ನು ಯಂತ್ರದ ಕೆಡುಕೆಂದು ಭಾವಿಸಲಾಗದು. ಕಾವಲುಗಾರನು ತನ್ನ ಕರ್ತವ್ಯವನ್ನು ಮಾಡುತ್ತಿದ್ದಾನೆ. ಯಾವ ಬಾಗಿಲಿನಲ್ಲಿ, ಯಾರನ್ನು, ಏಕೆ ತಡೆದನೆಂಬುದನ್ನು ಕಂಡುಹಿಡಿಯುವುದಷ್ಟೇ ನಮ್ಮ ಕೆಲಸ.

ನಾಲ್ಕು, ಎರಡು, ಒಂದು

ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ 1969ರಲ್ಲಿ ಹುಟ್ಟಿದ ಯುನಿಕ್ಸ್ ವ್ಯವಸ್ಥೆಯ ಸಂಪ್ರದಾಯವನ್ನೇ ಇಂದಿನ ಲಿನಕ್ಸ್ ಸರ್ವರುಗಳೂ ಅನುಸರಿಸುತ್ತವೆ. ಇದರಲ್ಲಿ ಪ್ರತಿಯೊಂದು ಕಡತಕ್ಕೂ ಒಬ್ಬ ಒಡೆಯನಿರುತ್ತಾನೆ. ಒಂದು ಗುಂಪಿನ ಹೆಸರೂ ಅದಕ್ಕೆ ಅಂಟಿಕೊಂಡಿರುತ್ತದೆ. ಉಳಿದವರೆಲ್ಲ ಇತರರು. ಈ ಮೂರು ವರ್ಗದವರಿಗೂ ಪ್ರತ್ಯೇಕವಾಗಿ ಅನುಮತಿಗಳನ್ನು ಗೊತ್ತುಪಡಿಸಬಹುದು. ಓದುವುದಕ್ಕೆ 4, ಬರೆಯುವುದಕ್ಕೆ 2, ನಡೆಸುವುದಕ್ಕೆ 1 ಎಂದು ಅಂಕಗಳು. ಲೆಕ್ಕದ ಕಡತವೊಂದರ ಮೇಲೆ 640 ಎಂಬ ಅಂಕಿಯಿದ್ದರೆ, ಒಡೆಯನು ಓದಿ ಬರೆಯಬಹುದು, ಗುಂಪಿನವರು ಓದಬಹುದು, ಇತರರಿಗೆ ಏನೂ ಇಲ್ಲ ಎಂದು ಅರ್ಥ.

ಫೋಲ್ಡರಿನ ವಿಷಯದಲ್ಲಿ 1 ಎಂಬ ಅಂಕಕ್ಕೆ ಬೇರೆಯೇ ಅರ್ಥವಿದೆ. ಅದು ಒಳಹೊಕ್ಕು ದಾಟುವ ಅನುಮತಿ, ಎಂದರೆ ಕೋಟೆಯ ಬಾಗಿಲಿನ ಅಪ್ಪಣೆ. ಒಳಗಿನ ಕಡತವು ನಿಮ್ಮದೇ ಆಗಿದ್ದರೂ ದಾರಿಯಲ್ಲಿರುವ ಒಂದು ಫೋಲ್ಡರು ಈ ಅಪ್ಪಣೆಯನ್ನು ಕೊಡದಿದ್ದರೆ ನೀವು ಅದನ್ನು ಮುಟ್ಟಲಾರಿರಿ. ಇನ್ನೊಂದು ಸಂಗತಿಯನ್ನೂ ನೆನಪಿನಲ್ಲಿಡಬೇಕು: ಹೊಸ ಕಡತವನ್ನು ಸೃಷ್ಟಿಸುವುದಕ್ಕೂ ಹಳೆಯದನ್ನು ಅಳಿಸುವುದಕ್ಕೂ ಬೇಕಾದ ಅನುಮತಿ ಕಡತದ್ದಲ್ಲ, ಅದನ್ನು ಹೊತ್ತಿರುವ ಫೋಲ್ಡರಿನದು.

ಹೆಸರು ಬೇರೆ, ಸಂಖ್ಯೆ ಬೇರೆ

ಈಗ ತೊಡಕಿನ ಮೂಲಕ್ಕೆ ಬರೋಣ. ನಾವು ಒಡೆಯನನ್ನು ಹೆಸರಿನಿಂದ ಗುರುತಿಸುತ್ತೇವೆ. ಲಿನಕ್ಸ್ ವ್ಯವಸ್ಥೆಯ ಡಿಸ್ಕಿನಲ್ಲಿ ಇರುವುದಾದರೋ ಒಂದು ಸಂಖ್ಯೆ ಮಾತ್ರ. ಯಾವ ಸಂಖ್ಯೆ ಯಾರದು ಎಂಬ ಪಟ್ಟಿಯು ಬೇರೆಡೆ ಇರುತ್ತದೆ.

ನಮ್ಮ ಸಂಘದ ಹಳೆಯ ಸರ್ವರಿನಲ್ಲಿ ಹಿರಿಯೂರಿನ ಗುಮಾಸ್ತನಿಗೆ 1001, ಹೊಸದುರ್ಗದವನಿಗೆ 1002, ಹೊಳಲ್ಕೆರೆಯವನಿಗೆ 1003 ಎಂದು ಸಂಖ್ಯೆಗಳಿದ್ದವೆನ್ನೋಣ. ಹೊಸ ಸರ್ವರಿನಲ್ಲಿ ಯಾರೋ ಅವಸರದಿಂದ ಹೊಸದುರ್ಗದವನ ಹೆಸರನ್ನು ಮೊದಲು ನಮೂದಿಸಿದರು. ಅವನಿಗೆ 1001 ದೊರೆಯಿತು. ಬ್ಯಾಕಪ್ ಡಿಸ್ಕನ್ನು ಹೊಸ ಯಂತ್ರಕ್ಕೆ ಜೋಡಿಸಿ ಸಂಖ್ಯೆಗಳನ್ನು ಇದ್ದಂತೆಯೇ ಉಳಿಸಿ ನಕಲು ಮಾಡಿದರೆ ಏನಾಗುತ್ತದೆ? ಹಿರಿಯೂರಿನ ಲೆಕ್ಕಕ್ಕೆ ಹೊಸದುರ್ಗದ ಗುಮಾಸ್ತನು ಒಡೆಯನಾಗುತ್ತಾನೆ; ಹಿರಿಯೂರಿನವನಿಗೆ ತನ್ನ ಲೆಕ್ಕವೇ ತೆರೆಯುವುದಿಲ್ಲ. ಇಲ್ಲಿ ದೋಷದ ಸಂದೇಶ ಕಾಣಿಸಿಕೊಳ್ಳುವುದೇ ಮೇಲು. ಏಕೆಂದರೆ ಹೊಸದುರ್ಗದವನಿಗೆ ಯಾವ ತಡೆಯೂ ಇಲ್ಲದೆ ಪರರ ಲೆಕ್ಕವು ತೆರೆದುಕೊಳ್ಳುತ್ತದೆ, ಯಾವ ಸಂದೇಶವೂ ಬಾರದು.

ಕಡತಗಳನ್ನು ಒಂದೇ ಕಟ್ಟಾಗಿ ಕಟ್ಟುವ 'ಟಾರ್' ಎಂಬ ಸಾಧನವು ಹೆಸರನ್ನೂ ಸಂಖ್ಯೆಯನ್ನೂ ಎರಡನ್ನೂ ಬರೆದಿಡುತ್ತದೆ. ಲಿನಕ್ಸಿನ ಸರ್ವಾಧಿಕಾರಿಯಾದ 'ರೂಟ್' ಬಳಕೆದಾರನು ಅದನ್ನು ಬಿಚ್ಚಿದಾಗ ಮೊದಲು ಹೆಸರನ್ನು ಹುಡುಕುತ್ತದೆ. ಆ ಹೆಸರಿನವರು ಇಲ್ಲದಿದ್ದರೆ ಮಾತ್ರ ಸಂಖ್ಯೆಯನ್ನು ಆಶ್ರಯಿಸುತ್ತದೆ. ಸಾಮಾನ್ಯ ಬಳಕೆದಾರನು ಬಿಚ್ಚಿದರೆ ಎಲ್ಲ ಕಡತಗಳೂ ಅವನವೇ ಆಗಿಬಿಡುತ್ತವೆ, ಏಕೆಂದರೆ ಒಡೆತನವನ್ನು ಬೇರೊಬ್ಬರಿಗೆ ವರ್ಗಾಯಿಸುವ ಅಧಿಕಾರ ಅವನಿಗಿಲ್ಲ. ಇನ್ನು ಪೆನ್‌ಡ್ರೈವಿನಂತಹ ಸಾಧನಗಳಲ್ಲಿ ರೂಢಿಯಲ್ಲಿರುವ ಫ್ಯಾಟ್ ಮತ್ತು ಎಕ್ಸ್‌ಫ್ಯಾಟ್ ವಿನ್ಯಾಸಗಳಿಗೆ ಇಂತಹ ಒಡೆತನದ ಕಲ್ಪನೆಯೇ ಇಲ್ಲ. ಅವುಗಳ ಮೇಲೆ ಬಿಡಿಬಿಡಿಯಾಗಿ ನಕಲಿಸಿದ ಕಡತಗಳು ತಮ್ಮ ಒಡೆಯನ ಗುರುತನ್ನು ಕಳೆದುಕೊಂಡೇ ಹಿಂದಿರುಗುತ್ತವೆ. ಟಾರ್ ಕಟ್ಟಾಗಿ ಇರಿಸಿದರೆ ಗುರುತು ಕಟ್ಟಿನೊಳಗೆ ಸುರಕ್ಷಿತವಾಗಿರುತ್ತದೆ.

ಜಾಲದ ಆಚೆಗೆ ಅರಸನೂ ಅನಾಮಿಕ

'ರೂಟ್' ಆಗಿಯೇ ಮರುಸ್ಥಾಪಿಸಿದರೂ ದೋಷ ಬಂದಿತು, ಇದು ಹೇಗೆ ಸಾಧ್ಯವೆಂದು ಕೆಲವರು ಬೆರಗಾಗುವುದುಂಟು. ತನ್ನ ಯಂತ್ರದಲ್ಲಿ ಅರಸನಾದವನು ಪಕ್ಕದ ಯಂತ್ರದಲ್ಲಿಯೂ ಅರಸನೆ? ಸನ್ ಮೈಕ್ರೊಸಿಸ್ಟಮ್ಸ್ ಸಂಸ್ಥೆಯು 1980ರ ದಶಕದಲ್ಲಿ ರೂಪಿಸಿದ ಎನ್‌ಎಫ್‌ಎಸ್ ಎಂಬ ಜಾಲಕಡತ ಪದ್ಧತಿಯು ಇದಕ್ಕೆ ಅಲ್ಲವೆಂದು ಉತ್ತರ ಕೊಡುತ್ತದೆ. ಲಿನಕ್ಸ್ ಸರ್ವರಿನಲ್ಲಿ ಸಾಮಾನ್ಯವಾಗಿ, ಜಾಲದ ಮೂಲಕ ಬಂದ ಹೊರಗಿನ ರೂಟನ್ನು 65534 ಎಂಬ ಸಂಖ್ಯೆಯ 'ನೋಬಡಿ'ಯನ್ನಾಗಿ, ಎಂದರೆ ಅನಾಮಿಕನನ್ನಾಗಿ ಪರಿವರ್ತಿಸಲಾಗುತ್ತದೆ. ಈ ಏರ್ಪಾಡಿಗೆ 'ರೂಟ್ ಸ್ಕ್ವಾಷ್' ಎಂದು ಹೆಸರು. ಅನಾಮಿಕನು ಒಡೆತನವನ್ನು ಬದಲಿಸಲಾರನು. ಆದಕಾರಣ 'ಆಪರೇಷನ್ ನಾಟ್ ಪರ್ಮಿಟೆಡ್' ಎಂಬ ಸಂದೇಶ ಬರುತ್ತದೆ. ಬ್ಯಾಕಪ್ಪನ್ನು ಸರ್ವರಿನ ಬಳಿಗೆ ಒಯ್ದು ಅದರ ಮೇಲೆಯೇ ನೇರವಾಗಿ ಬಿಚ್ಚುವುದು ಇದಕ್ಕೆ ಸುಲಭವಾದ ಪರಿಹಾರ.

ವಿಂಡೋಸ್ ಸರ್ವರುಗಳಲ್ಲಿ ವಿಧಾನ ಬೇರೆ, ತತ್ತ್ವ ಒಂದೇ. ಅಲ್ಲಿ ಜಾಲದ ಮೂಲಕ ಬರುವವನಿಗೆ ಎರಡು ಕಾವಲುಗಳಿವೆ: ಹಂಚಿಕೆಯ ಅನುಮತಿ ಒಂದು, ಡಿಸ್ಕಿನ ಎನ್‌ಟಿಎಫ್‌ಎಸ್ ಅನುಮತಿ ಇನ್ನೊಂದು. ಎರಡರಲ್ಲಿ ಹೆಚ್ಚು ಬಿಗಿಯಾದುದೇ ಊರ್ಜಿತವಾಗುತ್ತದೆ. ಅಲ್ಲಿಯೂ ಬಳಕೆದಾರನ ನಿಜವಾದ ಗುರುತು ಹೆಸರಲ್ಲ, ಎಸ್‌ಐಡಿ ಎಂಬ ಉದ್ದನೆಯ ಸಂಕೇತ. ಯಂತ್ರವನ್ನು ಹೊಸದಾಗಿ ಅಣಿಗೊಳಿಸಿ ಅದೇ ಹೆಸರಿನ ಖಾತೆಯನ್ನು ಮತ್ತೆ ತೆರೆದರೂ ಅದರ ಸಂಕೇತ ಬೇರೆಯಾಗಿರುತ್ತದೆ. ಹಳೆಯ ಕಡತಗಳು ಹೊಸಬನನ್ನು ಗುರುತಿಸವು. ಮರುಸ್ಥಾಪನೆ ಮಾಡುವವನು 'ಬ್ಯಾಕಪ್ ಆಪರೇಟರ್ಸ್' ಗುಂಪಿಗೆ ಸೇರಿದವನಾಗಿದ್ದು ಆ ಅಧಿಕಾರವನ್ನು ಬಳಸಬಲ್ಲ ಸಾಧನದಿಂದ ಕೆಲಸ ಮಾಡಿದರೆ, ಒಡೆತನಕ್ಕೆ ಕೈಹಾಕದೆಯೇ ಕಡತಗಳನ್ನು ಮರಳಿ ಇಡಬಹುದು.

ಪರೀಕ್ಷೆಯ ಕ್ರಮ

ದೋಷ ಕಂಡಾಗ ಹೀಗೆ ಹೆಜ್ಜೆಯಿಡುವುದು ಲೇಸು.

ಮೊದಲನೆಯದಾಗಿ, ಸಂದೇಶವನ್ನು ಪೂರ್ತಿ ಓದಿರಿ. 'ಪರ್ಮಿಷನ್ ಡಿನೈಡ್' ಎಂದರೆ ಸಾಮಾನ್ಯವಾಗಿ ದಾರಿಯ ಯಾವುದೋ ಬಾಗಿಲು ತಡೆದಿದೆ. 'ಆಪರೇಷನ್ ನಾಟ್ ಪರ್ಮಿಟೆಡ್' ಎಂದರೆ ನೀವು ಮಾಡಹೊರಟ ಕಾರ್ಯವೇ ಬೇರೊಬ್ಬರಿಗೆ ಮೀಸಲು. 'ರೀಡ್-ಓನ್ಲಿ ಫೈಲ್ ಸಿಸ್ಟಮ್' ಎಂದಿದ್ದರೆ ಡಿಸ್ಕನ್ನೇ ಓದಲು ಮಾತ್ರ ಜೋಡಿಸಲಾಗಿದೆ. ಕಡತಗಳ ಅನುಮತಿಯನ್ನು ತಿದ್ದಿ ಫಲವಿಲ್ಲ.

ಎರಡನೆಯದಾಗಿ, ಸರ್ವರು ನಿಮ್ಮನ್ನು ಯಾರೆಂದು ತಿಳಿದಿದೆಯೆಂಬುದನ್ನು ನೋಡಿರಿ. ಜಾಲದ ಮೂಲಕ ಒಂದು ಖಾಲಿ ಕಡತವನ್ನು ಬರೆದು, ಸರ್ವರಿನ ಮೇಲೆ ಅದರ ಒಡೆಯನ ಸಂಖ್ಯೆಯನ್ನು ಪರೀಕ್ಷಿಸಿದರೆ ಸತ್ಯ ಹೊರಬೀಳುತ್ತದೆ.

ಮೂರನೆಯದಾಗಿ, ಹೊರಸುತ್ತಿನಿಂದ ಮೊದಲುಗೊಂಡು ಒಂದೊಂದು ಫೋಲ್ಡರಿನ ಒಡೆಯ, ಗುಂಪು, ಅಂಕಿ ಇವನ್ನು ಬರೆದುಕೊಳ್ಳಿರಿ. ತಡೆಯು ಒಂದೇ ಕಡೆ ಇರುವುದು ಸಾಮಾನ್ಯ.

ನಾಲ್ಕನೆಯದಾಗಿ, ಹಳೆಯ ಮತ್ತು ಹೊಸ ಯಂತ್ರಗಳ ಬಳಕೆದಾರರ ಸಂಖ್ಯೆಗಳನ್ನು ಹೋಲಿಸಿರಿ. ವ್ಯತ್ಯಾಸವಿದ್ದರೆ ಕಡತಗಳನ್ನು ಮರಳಿಸುವ ಮುನ್ನವೇ ಸರಿಪಡಿಸಿರಿ.

ಐದನೆಯದಾಗಿ, ಅಂಕಿಗಳೆಲ್ಲ ಸರಿಯಿದ್ದೂ ತಡೆಯುಂಟಾದರೆ, ಕೆಲವು ಲಿನಕ್ಸ್ ವ್ಯವಸ್ಥೆಗಳಲ್ಲಿರುವ 'ಎಸ್‌ಇಲಿನಕ್ಸ್' ಎಂಬ ಹೆಚ್ಚಿನ ಕಾವಲನ್ನು ನೆನೆಯಿರಿ. ಅದು ಪ್ರತಿ ಕಡತಕ್ಕೂ ಒಂದು ಚೀಟಿಯನ್ನು ಅಂಟಿಸುತ್ತದೆ. ಮರಳಿ ಬಂದ ಕಡತಗಳ ಚೀಟಿ ತಪ್ಪಾಗಿದ್ದರೆ 'ರೆಸ್ಟೋರ್‌ಕಾನ್' ಆಜ್ಞೆಯಿಂದ ಸರಿಪಡಿಸಬಹುದು.

ಮಾಡಬಾರದ ಚಿಕಿತ್ಸೆ

ಇಷ್ಟೆಲ್ಲ ಶ್ರಮವೇಕೆ, ಎಲ್ಲ ಕಡತಗಳಿಗೂ 777 ಎಂದು ಬರೆದುಬಿಟ್ಟರೆ ಸಾಲದೆ ಎಂದು ಆತುರಗಾರರು ಕೇಳಬಹುದು. 777 ಎಂದರೆ ಎಲ್ಲರೂ ಎಲ್ಲವನ್ನೂ ಓದಬಹುದು, ಬರೆಯಬಹುದು, ನಡೆಸಬಹುದು. ಅನೇಕ ವೇಳೆ ದೋಷದ ಸಂದೇಶ ತಕ್ಷಣ ಮಾಯವಾಗುವುದೂ ನಿಜ. ಆದರೆ ಕಾವಲೂ ಅದರೊಡನೆ ಮಾಯವಾಗುತ್ತದೆ. ಹೈದರಾಲಿಯ ಸೈನಿಕರು ಚಿತ್ರದುರ್ಗದ ಕೋಟೆಯೊಳಗೆ ನುಸುಳಲು ಒಂದು ಕಿಂಡಿ ಸಾಕಾಯಿತೆಂದೂ, ಓಬವ್ವನು ಒನಕೆ ಹಿಡಿದು ಅಲ್ಲಿ ನಿಂತಳೆಂದೂ ನಾಡು ನೆನೆಯುತ್ತದೆ. ಒಂದು ಕಿಂಡಿಗೇ ಅಷ್ಟು ಭಯವಿದ್ದಲ್ಲಿ ಎಲ್ಲ ಬಾಗಿಲುಗಳನ್ನೂ ನಾವೇ ತೆರೆದಿಡುವುದು ವಿವೇಕವೆ? ಇದಲ್ಲದೆ, ಮೊದಲಿದ್ದ ಅಂಕಿಗಳೂ ಅಳಿಸಿಹೋಗುವುದರಿಂದ ಹಿಂದಿನ ಸ್ಥಿತಿಗೆ ಮರಳುವ ದಾರಿಯೂ ತಪ್ಪುತ್ತದೆ.

ಯಾರು ಬರೆಯಬಹುದೆಂಬುದೂ ದಾಖಲೆಯ ಒಂದು ಅಂಗವೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಒಳ್ಳೆಯ ನಿದರ್ಶನವಿದೆ. 2000ದ ಆಸುಪಾಸಿನ ವರ್ಷಗಳಲ್ಲಿ ಕರ್ನಾಟಕದ 'ಭೂಮಿ' ಯೋಜನೆಯು ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ತಂದಿತು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ರೈತರ ಪಹಣಿಗಳೂ ಅದರಲ್ಲಿ ಸೇರಿದವು. ತಾಲ್ಲೂಕು ಕಚೇರಿಯಲ್ಲಿ ಶುಲ್ಕ ಕೊಟ್ಟು ಯಾರು ಬೇಕಾದರೂ ಪಹಣಿಯ ಪ್ರತಿಯನ್ನು ಪಡೆಯಬಹುದಾಗಿತ್ತು. ಅದರಲ್ಲಿ ಒಂದು ಅಕ್ಷರವನ್ನು ತಿದ್ದಲು ಮಾತ್ರ ಅಧಿಕೃತ ನೌಕರನ ಬೆರಳಿನ ಗುರುತು ಬೇಕಾಗಿತ್ತು. ಓದುವ ಹಕ್ಕು ವಿಶಾಲ, ಬರೆಯುವ ಹಕ್ಕು ಸಂಕುಚಿತ. ಈ ಭೇದವನ್ನು ತೆಗೆದುಹಾಕಿದರೆ ಪಹಣಿಯ ಅಕ್ಷರಗಳು ಉಳಿದರೂ ಅದರ ಮೇಲಿನ ನಂಬಿಕೆ ಉಳಿಯದು.

ಬ್ಯಾಕಪ್ಪಿನ ವಿಷಯವೂ ಹಾಗೆಯೇ. ಅದು ಕೇವಲ ಕಡತಗಳ ಮೂಟೆಯಾಗಿರಬಾರದು. ಯಾವ ಕಡತ ಯಾರದು, ಯಾರಿಗೆ ಏನು ಅನುಮತಿ ಎಂಬುದೂ ಅದರಲ್ಲಿರಬೇಕು. ಬಳಕೆದಾರರ ಹೆಸರು ಮತ್ತು ಸಂಖ್ಯೆಗಳ ಪಟ್ಟಿಯನ್ನು ಅದರೊಡನೆಯೇ ಇಡಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಡಿಸ್ಕು ಕೆಡುವವರೆಗೆ ಕಾಯದೆ, ಆಗಾಗ ಬೇರೊಂದು ಖಾಲಿ ಯಂತ್ರದಲ್ಲಿ ಕಡತಗಳನ್ನು ಮರಳಿಸಿ, ಸಾಮಾನ್ಯ ಗುಮಾಸ್ತನ ಹೆಸರಿನಲ್ಲಿಯೇ ತೆರೆದು ನೋಡಿರಿ. ಹೊಳಲ್ಕೆರೆಯವನಿಗೆ ಹೊಳಲ್ಕೆರೆಯ ಲೆಕ್ಕ ತೆರೆಯಬೇಕು, ಹಿರಿಯೂರಿನದು ತೆರೆಯಬಾರದು. ಈ ಎರಡು ಪರೀಕ್ಷೆಗಳಲ್ಲಿಯೂ ತೇರ್ಗಡೆಯಾದ ಬ್ಯಾಕಪ್ಪನ್ನು ಮಾತ್ರ ನಂಬಬಹುದು. ಆಗ ಕಂತು ಕಟ್ಟಲು ಬಂದ ಬೆಳೆಗಾರನು ರಸೀದಿ ಪಡೆದು, ಸಂಜೆಯ ಬಸ್ಸಿಗೆ ಊರು ಸೇರಬಹುದು.